ಕಂಠ್ಯ

ಹೆಸರೇನಮ್ಮ ಅಂದರೆ
ಊರಿನ ನದಿಯ ಹೆಸರು ಹೇಳುತ್ತಾಳೆ.
ಟೇ.

ಡಂಡೀ ಶಹರದ ಈ ಕಿಟಕಿಯಾಚೆ ಟೇ ನದಿ ಇದೆ,
ಬೂದಿ ಬಣ್ಣ, ಕಡಲಿಗೆ ತೀರ ಹತ್ತಿರ,
ಯಾರೋ ಕರೆದರು ಎಂಬಂತೆ ಒಮ್ಮೆ ಮಿಂಚಿ ಸುಮ್ಮನಾಗುತ್ತದೆ.
ಫಾರಮ್ಮಿನಲ್ಲಿ ಬರೆದಿದೆ: ಕೇ ಲ್ಯಾಮಂಡ್,
ಐದು ವರ್ಷ ಎರಡು ತಿಂಗಳು.
ಹನ್ನೊಂದು ತಿಂಗಳು ಕಾದ ಮೇಲೆ ಸಿಕ್ಕ ಎಂಟು ಭೇಟಿ.

ಕ ಅವಳ ಬಳಿ ಇಲ್ಲ.
ಕಾರು ಟಾರು, ಕೇಕು ಟೇಟು.
ಒಮ್ಮೆ ಕೀ ಬೇಕೆಂದು ಅತ್ತರೆ
ಅಪ್ಪ ಟೀ ಮಾಡಿ ತಂದಿಟ್ಟನಂತೆ,
ಹಾಲು ಸಕ್ಕರೆ ಹಾಕಿ, ಆರಿಸಿ.
ಹೇಳಿ ತಾನೇ ನಕ್ಕ. ಆಮೇಲೆ ನೆಲ ನೋಡುತ್ತ ಕೇಳಿದ:
ತಪ್ಪು ತಿಳಿಯಬೇಡಿ, ನಿಮ್ಮ ಇಂಗ್ಲಿಷು
ಅವಳಿಗೆ ಅಂಟೀತೇ?
ಅಂಟಿದರೇನಂತೆ ಅನ್ನಲಿಲ್ಲ. ಅಂಟುವುದಿಲ್ಲ ಅಂದೆ.
ಅವನದು ನನಗೆ ಅಂಟಲು ಆರು ವರ್ಷ ಹಿಡಿದಿದೆ,
ಅದೂ ಅರ್ಧ.

ಕಾಲೇಜಿನಲ್ಲಿ ಬಾಯಿಯ ಸೀಳುಚಿತ್ರ ಮೊದಲು ಕಂಡಾಗ
ನಗು ಬಂದಿತ್ತು. ಸ್ಲೇಟಿನ ಮೇಲೆ ತಿದ್ದಿದ್ದೆನಲ್ಲ ಇದನ್ನೇ,
ಐದು ಸಾಲು:
ಗಂಟಲಲ್ಲಿ ಕ, ಅಂಗುಳಲ್ಲಿ ಚ,
ನಾಲಿಗೆ ಮಡಚಿದರೆ ಟ, ಹಲ್ಲಿಗೆ ತಾಗಿದರೆ ತ,
ತುಟಿ ಬಾಗಿಲಲ್ಲಿ ಪ.
ಒಳಕೋಣೆಯಿಂದ ಹೊಸ್ತಿಲವರೆಗೆ
ಯಾರೋ ದೀಪ ಹಿಡಿದು ನಡೆದು ಬಂದ ದಾರಿ.
ಈ ಹುಡುಗಿ ನಡುಮನೆಯಲ್ಲೇ ನಿಂತಿದ್ದಾಳೆ,
ಒಳಗೆ ಕತ್ತಲು ಎಂಬಂತೆ.

ಚಾಪೆಯ ಮೇಲೆ ಅಂಗಾತ ಮಲಗಿಸಿದೆ,
ನಾಲಿಗೆ ತಾನಾಗಿ ಹಿಂದೆ ಜಾರಲಿ ಎಂದು.
ಗೊಳಗೊಳ ಬಾಯಿ ಮುಕ್ಕಳಿಸಿದೆವು, ಇಬ್ಬರ ಅಂಗಿಯೂ ಒದ್ದೆ.
ಐಸ್‌ಕ್ರೀಮ್ ಕಡ್ಡಿಯಿಂದ ನಾಲಿಗೆಯ ತುದಿ ಒತ್ತಿ ಹಿಡಿದೆ.
ಕಚ್ಚಿದಳು.
ಕಾಗೆಯ ಆಟ ಆಡಿಸಿದೆ: ಕಾ ಕಾ.
ಟಾ ಟಾ ಎಂದು ಕೈ ಬೀಸಿ
ಕಾಗೆಯನ್ನು ಕಳಿಸಿಯೇ ಬಿಟ್ಟಳು.

ಆರನೆಯ ಸಲ ಮುತ್ತಜ್ಜಿ ಕರೆತಂದಳು.
ಅವಳೂ ಕೇ. ಎಂಬತ್ತೈದು.
ಹದಿನೈದಕ್ಕೇ ಸೆಣಬಿನ ಮಿಲ್ಲು ಸೇರಿ
ಮಗ್ಗಗಳಿಗೆ ಕಿವಿ ಕೊಟ್ಟವಳು;
ಕೊಟ್ಟದ್ದು ವಾಪಸು ಬರಲಿಲ್ಲ.
ಅಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡುತ್ತಿದ್ದೆವು ಅಂದಳು,
ಆಚೆ ಸಾಲಿನ ಗುಟ್ಟು ಈಚೆ ಸಾಲಿಗೆ ಕಾಣುತ್ತಿತ್ತು.
ನಿಮ್ಮಲ್ಲಿ ಸೆಣಬಿನ ಚೀಲಕ್ಕೆ ಏನನ್ನುತ್ತೀರಿ?
ಗೋಣಿ ಅಂದೆ.
ನನ್ನ ಬಾಯಿ ನೋಡಿ ತಿರುಗಿ ಹೇಳಿದಳು: ಕೋನಿ.
ಕಿವಿಯ ಮಿಷನ್ನು ಕೈಚೀಲದಲ್ಲೇ ಇತ್ತು.

ಕನ್ನಡಿ ಮುಂದೆ ಹುಡುಗಿ ಬೇಸರದಲ್ಲಿ ಏನೋ ಅಂದಳು.
ನಾನು ಚಿತ್ರದ ಕಾರ್ಡು ಜೋಡಿಸುತ್ತಿದ್ದೆ.
ಓದಿ ಪಾಸಾದ ನನ್ನ ಕಿವಿಗೆ ತಪ್ಪಿತು.
ಮುದುಕಿ ನನ್ನ ತೋಳು ಹಿಡಿದಳು:
ಈಗ ನಾಲಿಗೆ ಕಾಣಲಿಲ್ಲ.
ಹಲ್ಲಿನ ಹಿಂದೆ ಇಣುಕುತ್ತಿತ್ತಲ್ಲ, ಈಗ ಇಲ್ಲ.
ಇನ್ನೊಂದು ಸಲ ಹೇಳು ಮಗು.

ಕೇ.

ಅರ್ಧ ಕೆಮ್ಮು. ಆಳದ ಬಾವಿಗೆ ಬಿದ್ದ ಸಣ್ಣ ಕಲ್ಲು.

ನನ್ನ ಭಾಷೆಯಲ್ಲಿ ಕೇಳುವುದು ಎರಡು ಬಗೆ,
ಕಿವಿಯದ್ದೊಂದು, ಬಾಯಿಯದ್ದೊಂದು.
ನನಗೆ ಸಂಬಳ ಬರುವುದು ಎರಡಕ್ಕೂ.
ಮೂರನೆಯದು ಆ ಮುದುಕಿಯ ಬಳಿ ಇತ್ತು.

ವರದಿಯಲ್ಲಿ ಬರೆದೆ: ಪದದ ಮೊದಲಿಗೆ ಕ, ಹತ್ತಕ್ಕೆ ಏಳು.
ಎಂಟನೆಯ ಸಲ ಅಪ್ಪ ಬಂದು ದೂರಿದ:
ಸಿಕ್ಕಿದ್ದೇ ತಡ, ಎಲ್ಲದಕ್ಕೂ ಹಚ್ಚುತ್ತಿದ್ದಾಳೆ.
ಟೋಸ್ಟು ಕೋಸ್ಟು, ಟೈಗರು ಕೈಗರು.
ನಿನ್ನೆ ರೈಲು ಸೇತುವೆ ದಾಟುವಾಗ
ಗಾಜಿಗೆ ಮೂಗೊತ್ತಿ
ಕೆಳಗಿನ ನೀರನ್ನು ಕೂಗಿದಳಂತೆ,
ಕೇ, ಕೇ.

ಎರಡು ವಾರ, ಸರಿಹೋಗುತ್ತದೆ ಅಂದೆ.
ಫೈಲು ಮುಚ್ಚಿದೆ. ಮುಂದಿನ ಮಗು ಆಗಲೇ ಬಾಗಿಲಲ್ಲಿತ್ತು,
ಕೈಯಲ್ಲೊಂದು ತಲೆಯಿಲ್ಲದ ಡೈನೊಸಾರ್.
ಕಿಟಕಿಯಾಚೆ ನದಿ
ತನ್ನ ಹೆಸರು ತಿದ್ದುವ ಗೋಜಿಗೆ ಹೋಗದೆ
ಇಳಿತಕ್ಕೆ ಹೊರಟಿತ್ತು.