ಬಾಗಿಲ ಒಳಮೈ

ಅಪ್ಪನ ಗಡಿಯಾರ ಏಳಡಿ ಎತ್ತರ.
ನನ್ನ ಬಾಡಿಗೆ ಅಟ್ಟದ ಸೂರು
ಏಳಡಿಗೆ ಎರಡಿಂಚು ಕಮ್ಮಿ.
ಮಿಕ್ಕ ಕತೆಯೆಲ್ಲ ಈ ಎರಡಿಂಚಿನದೇ.

ತಮ್ಮ ಫರ್ಗಸ್ ಫೋನಿನಲ್ಲೇ ಕೈ ತೊಳೆದುಕೊಂಡ:
"ನನ್ನವಳಿಗೆ ಟಿಕ್ ಟಿಕ್ ಕೇಳಿದರೆ ನಿದ್ದೆ ಹತ್ತೋಲ್ಲ.
ಮಾರಿಬಿಡು. ಅರ್ಧ ನಿನಗೆ, ಅರ್ಧ ನನಗೆ."
ಅರ್ಧ ಅನ್ನುವಾಗ ಅವನ ದನಿ ಥೇಟು ಅಪ್ಪನದು,
ಹ್ಯಾಡಕ್ ಮೀನಿನ ಬೆನ್ನು ಸೀಳುವಾಗಿನದು.

ಹರಾಜು ಮನೆಯ ಪೆಟ್ರಿ ಬಂದ.
ರೋಗಿಯ ಎದೆ ಬಡಿದು ನೋಡುವ ಡಾಕ್ಟರ ಹಾಗೆ
ಬೆರಳ ಗೆಣ್ಣಿಂದ ಮರ ಕುಟ್ಟಿ ಕಿವಿಯಿಟ್ಟ.
"ಕಂದು ಮರ ಕಣಮ್ಮ, ಕಂದು ಮರ.
ನಿಮ್ಮಜ್ಜಿ ಮಾರಿದ್ದರೆ ಒಂದು ದೋಣಿ ಬರ್ತಿತ್ತು,
ಈಗ ದೋಣಿಗೆ ಬಳಿಯೋ ಬಣ್ಣ ಬಂದರೆ ಪುಣ್ಯ."

ಇದು ಡೆನ್ಮಾರ್ಕಿನ ಕಪ್ತಾನ ಕೊಟ್ಟದ್ದು, ಅಂದೆ,
ಮುಳುಗುವಾಗ ನಮ್ಮ ಮುತ್ತಜ್ಜ ಎಳೆದು ಹಾಕಿದ್ದಕ್ಕೆ.
ಪೆಟ್ರಿ ಕನ್ನಡಕ ಏರಿಸಿ ಮುಖದ ಮೇಲಿನ ಹೆಸರು ಓದಿದ:
ಬ್ರೀಕಿನ್.
ಮಾಂಟ್ರೋಸಿನಿಂದ ಆ ಡೆನ್ಮಾರ್ಕಿಗೆ
ಬಸ್ಸಿನಲ್ಲಿ ಇಪ್ಪತ್ತೈದು ನಿಮಿಷ.

ಎಡಿನ್‌ಬರೋದವನೊಬ್ಬನಿಗೆ ಮುಖ ಮಾತ್ರ ಬೇಕಂತೆ.
ನಾಲ್ಕು ಮೂಲೆಗೆ ನಾಲ್ಕು ಋತುವಿನ ಹೆಂಗಸರು,
ಚಳಿಗಾಲದವಳ ಮೂಗು ಉದುರಿದೆ, ಪರವಾಗಿಲ್ಲವಂತೆ.
"ಗೋಡೆಗೆ ತೂಗುಹಾಕೋ ಜನ ಇದ್ದಾರೆ.
ಮೈ ನೀವೇ ಇಟ್ಟುಕೊಳ್ಳಿ."
ಇನ್ನೊಬ್ಬ ಸೀಸದ ಗುಂಡೆರಡನ್ನು ಕೇಳಿದ,
ಕಿಲೋ ಲೆಕ್ಕದಲ್ಲಿ.
ಹೆಣದ ಮುಂದೆ ಜೇಬು ತಡಕಿದ ಹಾಗಾಯಿತು.
ಆದರೂ ಲೆಕ್ಕ ಹಾಕಿದೆ, ಸುಳ್ಳೇಕೆ,
ಮುಖಕ್ಕಿಷ್ಟು, ಗುಂಡಿಗಿಷ್ಟು, ಮರ ಒಲೆಗೆ.

ಜೂನಿನಲ್ಲಿ ಡಂಡೀಯಿಂದ ಬೊಝೆನಾ ಬಂದಳು,
ಕಾಫಿ ಅಂಗಡಿಯವಳು, ಕೂದಲಲ್ಲಿ ಹಿಟ್ಟು.
"ನಡೆಯೋದು ಬೇಡ. ಗಿರಾಕಿಗಳು ಗಂಟೆ ನೋಡಿ ಎದ್ದುಬಿಡ್ತಾರೆ.
ಸುಮ್ಮನೆ ನಿಂತಿರಲಿ."
ನಡುವಿನ ಬಾಗಿಲು ತೆರೆದಳು, ಟಾರ್ಚ್ ಬಿಟ್ಟಳು,
ಆಮೇಲೆ ತುಂಬ ಹೊತ್ತು ಮಾತಿಲ್ಲ.

ಒಳಮೈ ತುಂಬ ಪೆನ್ಸಿಲ್ಲು.
೧೮೭೧. ತೂಕದ ಹಗ್ಗ ಹೊಸದು. ಜೆ. ಮಿಲ್ನ್.
೧೮೯೪ ಮಾರ್ಚ್. ಡೇವಿಯ ದೋಣಿ ಬರಲಿಲ್ಲ. ನಿಲ್ಲಿಸಿದೆ.
೧೮೯೪ ಏಪ್ರಿಲ್. ಮತ್ತೆ ನಡೆಸಿದೆ,
ಮಕ್ಕಳಿಗೆ ಶಾಲೆ ತಡವಾಗುತ್ತಿದೆ.
ಕೆಳಗೆ, ಮೊಣಕಾಲೂರಿದರೆ ಮಾತ್ರ ಕಾಣುವಲ್ಲಿ,
ಅಪ್ಪನ ದಪ್ಪ ಅಕ್ಷರ, ಪ್ರತಿ ನವೆಂಬರಿಗೊಂದು:
ಎಣ್ಣೆ. ಎಣ್ಣೆ. ಎಣ್ಣೆ.
ಎಣಿಸಿದೆ, ನಲವತ್ತೆರಡು.
ನವೆಂಬರುಗಳು ನಲವತ್ತೊಂದೇ.
ಅಮ್ಮ ಹೋದ ವರ್ಷ ಎರಡು ಸಲ ಎಣ್ಣೆ.

ಬೊಝೆನಾ ಟಾರ್ಚ್ ಆರಿಸಿದಳು.
ಅಷ್ಟೆಲ್ಲ ಓದಿಯೂ
ನೂರಾ ಎಂಬತ್ತನ್ನು ನೂರಾ ಅರವತ್ತಕ್ಕೆ ಇಳಿಸಿದಳು.
ಅದಕ್ಕೇ ಇರಬೇಕು, ಹಿಡಿಸಿದಳು.
ಕಣ್ಣೊರೆಸಿಕೊಂಡು ಹೆಚ್ಚು ಕೊಟ್ಟಿದ್ದರೆ
ನನಗೆ ಕೊಡಲು ಮನಸ್ಸಾಗುತ್ತಿರಲಿಲ್ಲ.

ವ್ಯಾನಿನ ಹುಡುಗರು ಹಗ್ಗ ಬಿಗಿಯುವ ಮೊದಲು
ಅವಳ ಕಿವಿಯ ಹಿಂದಿದ್ದ ಪೆನ್ಸಿಲ್ ಕೇಳಿ ಪಡೆದು
ಅಪ್ಪನ ಕೊನೆಯ ಎಣ್ಣೆಯ ಕೆಳಗೆ ಬರೆದೆ:
ಜೂನ್ ಒಂಬತ್ತು. ಮಾರಿದೆ. ನೂರಾ ಅರವತ್ತು.
ಮಳೆಯಿಲ್ಲ. ಊನಾ.
ಲೋಲಕ ಹಿಡಿದು ನಿಲ್ಲಿಸಿದ್ದೂ ನಾನೇ.
ಕೈಯಲ್ಲಿ ಎರಡು ಸಲ ತುಯ್ದು ಸುಮ್ಮನಾಯಿತು,
ಆಮೇಲೆ ಬೀದಿಯ ಸದ್ದು ಕೇಳಿಸತೊಡಗಿತು,
ಇಷ್ಟು ದಿನ ಎಲ್ಲಿತ್ತೋ.

ಫರ್ಗಸನಿಗೆ ಎಂಬತ್ತು ಕಳಿಸಿದೆ.
ರಾತ್ರಿ ಫೋನು: "ಬಂತು."
ಬಂತು ಅಂದವನು ಫೋನು ಇಡಲಿಲ್ಲ.
ಆಚೆ ಅವನ ಹೆಂಡತಿ ಪಾತ್ರೆ ಜೋಡಿಸುತ್ತಿದ್ದಳು.
"ಎಷ್ಟು ಗಂಟೆಗೆ ನಿಂತಿದೆ?" ಅಂದ.

ನೋಡಲಿಲ್ಲ ಅಂದೆ.