ಸೊನ್ನೆ ಬಿಂದು ಏಳು

ಎಂಜಿನು ತಣಿಯಲಿ ಎಂದು ಕಾಯುತ್ತಿದ್ದೇನೆ.
ಅಜ್ಮಾನಿನ ಆಗಸ್ಟಿನಲ್ಲಿ ಇದೊಂದು ತಮಾಷೆ.
ರಾತ್ರಿ ಒಂದೂವರೆ. ಬಾನೆಟ್ಟಿಗೆ ಅಂಗೈ ಇಟ್ಟರೆ
ಇಸ್ತ್ರಿ ಮಾಡಿ ಮಡಚಿಟ್ಟ ಅಂಗಿಯಷ್ಟು ಬೆಚ್ಚಗೆ.

ಬಿಸಿಯಲ್ಲಿ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ಡು
ಪ್ಲಗ್ಗಿನ ಜೊತೆಗೇ ಎದ್ದು ಬರುತ್ತದಂತೆ.
ಅಂತೆ. ನಾನು ಮೆಕ್ಯಾನಿಕ್ ಅಲ್ಲ,
ಟೈಪಿಂಗ್ ಸೆಂಟರಿನಲ್ಲಿ ಕೂತು ಊರವರ ವೀಸಾ ಅರ್ಜಿ ತುಂಬುವವನು.
ಹೆಸರಲ್ಲಿ ಒಂದಕ್ಷರ ಜಾರಿದರೆ ಆಳೇ ಬೇರೆ ಆಗುತ್ತಾನೆ,
ನನಗೆ ಗೊತ್ತಿರುವ ವಿದ್ಯೆ ಅಷ್ಟೆ.

ಗ್ಯಾರೇಜಿನವನು ಕೇಳಿದ್ದು ನಾನೂರು ದಿರಹಂ.
“ಟರ್ಬೊ ಅಲ್ಲವಾ” ಎಂದ,
ಡಾಕ್ಟರರು “ಹೃದಯ ಅಲ್ಲವಾ” ಎನ್ನುವ ದನಿಯಲ್ಲಿ.
ಪ್ಲಗ್ಗು ನಾಲ್ಕಕ್ಕೆ ನೂರ ಅರುವತ್ತು, ಸಾಕೆಟ್ಟಿಗೆ ಹದಿನೆಂಟು.
ಉಳಿದದ್ದು ನನ್ನ ಧೈರ್ಯದ ಮಜೂರಿ.

ಐದೂವರೆಗೆ ಜೆಸಿಂತಾಳ ಡ್ಯೂಟಿ, ಶಾರ್ಜಾದ ಹೆರಿಗೆ ವಾರ್ಡು.
ಮೂರು ದಿನದಿಂದ ಕಾರು ಸಿಗ್ನಲ್ಲಿನಲ್ಲಿ ಬಿಕ್ಕುತ್ತದೆ.
ಕಾಲು ಒತ್ತಿದರೆ ಒಂದು ಎಳೆತ, ಆಮೇಲೆ ಹೊಂಡ,
ಬಾಯಿಗೆ ಬಂದ ಮಾತನ್ನು ನುಂಗಿದ ಹಾಗೆ.
ಹಳದಿ ದೀಪ ಮಿನುಗಿತು ಎಂದಳು.
ಉರಿದರೆ ಅಡ್ಡಿಯಿಲ್ಲ, ಮಿನುಗಿದರೆ ಕೇಡು:
ಈ ವಾರದ ಪಾಠ.

ಇಲ್ಲಿ ರಿಪೇರಿ ಮಾಡಬಾರದೆಂದು
ಪಾರ್ಕಿಂಗಿನ ಗೋಡೆಯಲ್ಲಿ ಮೂರು ಭಾಷೆಗಳಲ್ಲಿದೆ.
ವಾಚ್‌ಮನ್ ಗುಲ್ ಜಮೀನ್ ಆ ಗೋಡೆಗೆ ಬೆನ್ನು ಕೊಟ್ಟು
ನಮಗೆ ಟಾರ್ಚು ಹಿಡಿದಿದ್ದಾನೆ.

ಒಂಬತ್ತನೇ ಕ್ಲಾಸಿನ ರೆನಿಟಾಳ ಬೆರಳು
ನನ್ನದು ಹೋಗದಲ್ಲಿ ಹೋಗುತ್ತದೆ.
ಕಾಯಿಲಿನ ಕ್ಲಿಪ್ಪು ಟಪ್ಪೆಂದು ಮುರಿಯಿತು.
ಇಬ್ಬರೂ ಕೇಳಿಸದವರಂತೆ ಕೂತೆವು.

ಕಾಯಿಲುಗಳ ತಲೆಯಲ್ಲಿ ಬಿಳಿ ಬಣ್ಣದ ಅರಬ್ಬಿ ಅಂಕಿ,
ಒಂದು, ಎರಡು, ನಾಲ್ಕು.
ಮೂರನೆಯದರ ಮೇಲೆ ಎಂತದೂ ಇಲ್ಲ.
ನಮಗಿಂತ ಮೊದಲಿನ ಮೂವರಲ್ಲಿ ಯಾರೋ ಒಬ್ಬ
ಹೀಗೇ ರಾತ್ರಿಯಲ್ಲಿ ಕೂತು ಬದಲಿಸಿದ್ದಾನೆ;
ಅಂಥದ್ದೆಲ್ಲ ಮುಲ್ಕಿಯದಲ್ಲಿ ಬರೆಯುವುದಿಲ್ಲ.

ಬಿಚ್ಚುವ ಮೊದಲು ಊದು, ಎಂದೆ.
ಸೈಕಲ್ ಪಂಪು ಎರಡು ಸಲ ಉಸಿರಾಡಿತು.
ಆ ಸಣ್ಣ ಬಾವಿಯಿಂದ ಎದ್ದು ಬಂತು ಮರಳು,
ಅವಳ ಹುಬ್ಬಿಗೆ, ನನ್ನ ಹಲ್ಲಿಗೆ,
ಎಷ್ಟು ವರ್ಷದ್ದೋ, ಯಾವ ಗಾಳಿಯದ್ದೋ.

ಮೂರನೇ ಪ್ಲಗ್ಗು ಕರ್ರೆಂದು ಹಟ ಹಿಡಿಯಿತು.
ಕಾಲು ಸುತ್ತು ಹಿಂದೆ, ಅರ್ಧ ಸುತ್ತು ಮುಂದೆ,
ಹಳೇ ಜಗಳವನ್ನು ಬಿಡಿಸುವವರ ಹಾಗೆ.
ಹೊರಗೆ ಬಂದಾಗ ತುದಿ ಸುಣ್ಣದಷ್ಟು ಬಿಳಿ,
ಮೂಗು ಸವೆದು ಮೊಂಡು.

ಹೊಸದಕ್ಕೆ ಅಂತರ ಅಳೆದೆ: ಸೊನ್ನೆ ಬಿಂದು ಏಳು.
“ದೂರ ಇದ್ದರೆ ಕಿಡಿ ದೊಡ್ಡದಾಗುವುದಿಲ್ಲವಾ ಪಪ್ಪಾ?”
ಆಗುತ್ತದೆ ಮಗಾ. ಆದರೆ ಟರ್ಬೊ ಗಾಳಿಯನ್ನು ತುರುಕಿ ತುಂಬುತ್ತದಲ್ಲ,
ಆ ಒತ್ತಡಕ್ಕೆ ದೊಡ್ಡ ಕಿಡಿ ಹಾರಲಾರದೆ ಆರುತ್ತದೆ.
ಹತ್ತಿರ ಇದ್ದರೆ ಮಾತ್ರ ಹತ್ತುತ್ತದೆ.
“ಅಂದರೆ ನಮ್ಮ ಒಂದು ಬೆಡ್‌ರೂಮು” ಎಂದು ನಕ್ಕಳು.
ಪರದೆಯಾಚೆ ಮಲಗುವ ಮಗಳು.
ನಾನು ಫೀಲರ್ ಗೇಜನ್ನು ಸುಮ್ಮನೆ ಮತ್ತೊಮ್ಮೆ ಒರೆಸಿದೆ.

ರಬ್ಬರು ನಳಿಕೆಯಲ್ಲಿ ಸಿಕ್ಕಿಸಿ, ಬೆರಳಲ್ಲೇ ತಿರುಗಿಸಿ,
ದಾರಿ ಸಿಕ್ಕಿತು ಎಂದು ಬೆರಳಿಗೆ ತಿಳಿದ ಮೇಲೆ
ಗುಲ್ ಜಮೀನ್ ತಂದುಕೊಟ್ಟ ಟಾರ್ಕ್ ರೆಂಚು.
ಕ್ಲಿಕ್. ನಾಲ್ಕು ಸಲ.
ಯಾರೂ ಸಾಕು ಎನ್ನಬೇಕಾಗಿಲ್ಲದ ಒಂದು ಕೆಲಸ
ಜಗತ್ತಿನಲ್ಲಿ ಉಂಟು.
ಮುರಿದ ಕ್ಲಿಪ್ಪಿಗೆ ಜಿಪ್ ಟೈ.

ನಾಲ್ಕು ಐವತ್ತಕ್ಕೆ ಯೂನಿಫಾರ್ಮಿನಲ್ಲಿ ಇಳಿದು ಬಂದಳು.
ನನ್ನ ಕೈ ನೋಡಿದಳು, ಮಗಳ ಹುಬ್ಬು ನೋಡಿದಳು,
“ಇಸ್ಕೂಲು ಇಲ್ಲ ಅಂತ ಇದಾ?” ಎಂದಳು, ಕೀ ತಿರುಗಿಸಿದಳು.
ಎಂಜಿನು ಎಂತ ಮಾತೂ ಆಡದೆ ಹೊರಟಿತು.
ಸಿಗ್ನಲ್ಲಿನಾಚೆ ತಿರುಗುವವರೆಗೆ ಕಿವಿ ಕೊಟ್ಟು ನಿಂತೆವು,
ಬಿಕ್ಕಲಿಲ್ಲ.

ಬೆಳಕು ಹರಿದಾಗ ನೆಲ ಗುಡಿಸುತ್ತ
ಗುಲ್ ಜಮೀನ್ ಒಂದು ಬೋಲ್ಟು ಹೆಕ್ಕಿಕೊಟ್ಟ,
“ಇದು ನಿಮ್ಮದಾ?”
ಎಣಿಸಿ ಹಾಕಿದ್ದೆ. ನಾಲ್ಕಕ್ಕೆ ನಾಲ್ಕು.
ನಮ್ಮದಲ್ಲ ಎನ್ನಲು
ಹತ್ತು ನಿಮಿಷ ಬೇಕಾಯಿತು.