ಬರೂ ದಾರಿ

ಜತ್ತದಾಗ ಇನ್ನಾ ಬೆಳಕ ಹರದಿರಲಿಲ್ಲ.
ಶಟರ್ ಅರ್ಧಾ ಎತ್ತಿ ಕಸಾ ಹೊಡೀತಿದ್ದೆ,
ಬಂದು ನಿಂತಳು ಜೈನಾಬಿ ಮುಲ್ಲಾ.
ತೊಂಬತ್ತೇಳರ ಮಾರುತಿ, ಹಿಂದಿನ ಸೀಟ ಕಿತ್ತದ್ದು,
ಅಲ್ಲಿ ಎರಡ ರಟ್ಟಿನ ಡಬ್ಬಿ, ಇನ್ನೂರ ಕೋಳಿಮರಿ,
ನಿನ್ನೆ ತತ್ತಿ ಒಡದು ಬಂದಂಥವು.

"ಬಲ್ಬ ಹತ್ತವಲ್ದು," ಅಂದಳು.
"ಉಮದಿ ಸಂತಿ ಮುಟ್ಟೂದರಾಗ ಥಂಡಿಗೆ ಸೆಟದ ಹೋಗ್ತಾವ."
ಡಬ್ಬಿ ಎರಡೂ ತಂದು ಬಿಸಿ ಬಾನೆಟ್ ಮ್ಯಾಲಿಟ್ಟಳು,
ಹೊಚ್ಚಾಕ ತನ್ನ ಶಾಲು.
ಬಾನೆಟ್ ಆರೂದರಾಗ ನನ್ನ ಕೆಲಸ ಆಗಬೇಕು.

ಫ್ಯೂಜ್ ಅಂದೆ, ಶ್ಯಾಣ್ಯಾನ ಹಂಗ.
ಮುಚ್ಚಳ ತಗದರ ಫ್ಯೂಜಿನ ಜಾಗಾದಾಗ
ಸಿಗರೇಟ್ ಪಾಕೀಟಿನ ಬೇಗಡಿ, ಮೂರ ಸುತ್ತ ಸುತ್ತಿದ್ದು.
"ಯಾವ ಮೂರ್ಖನ ಕೆಲಸ ಇದು?
ಗಾಡಿ ಸುಡ್ತಿತ್ತಲ್ಲ!"
ಬೈಯೂದು ಮುಗದ ಮ್ಯಾಲ ಆ ಸುತ್ತಿನ ಗುರುತ ಹತ್ತಿತು.
ಹತ್ತ ವರ್ಷದ ಹಿಂದ, ಮೊದಲಿನ ಮಾಲಕ ಇದ್ದಾಗ,
ನಾನ ಸುತ್ತಿದ್ದು.
ಹೇಳಲಿಲ್ಲ. ಕಿಸೇದಾಗ ಇಟಗೊಂಡೆ.

ಹದಿನೈದರ ಹೊಸಾ ಫ್ಯೂಜ್. ಇಲ್ಲ.
ಸಾಕೆಟ್ಟಿನ ಬಾಯಾಗ ನುಚ್ಚು, ಗೊಂಜಾಳದ ಪುಡಿ, ಒಂದ ಪುಕ್ಕ.
ಊದಿದೆ. ಇಲ್ಲ.
ಶಾಲಿನ ಬುಡಕ ಒದರೂದು ಸಣ್ಣಾಗಾಕತ್ತಿತ್ತು.

ನನ್ನ ಟೆಸ್ಟ್ ಲ್ಯಾಂಪಂದ್ರ
ಹಳೇ ಇಂಡಿಕೇಟರಿನ ಬಲ್ಬು, ಎರಡ ವಾಯರು, ಅಷ್ಟ.
ಒಂದ ತುದಿ ಸಾಕೆಟ್ಟಿನ ನಡುವಿನ ಮಳಿಗೆ,
ಇನ್ನೊಂದ ಬಾಗಲದ ಬಿಜಾಗರಿಗೆ:
ಹತ್ತೇಬಿಡ್ತು.
ಅದ ತುದಿ ಸಾಕೆಟ್ಟಿನ ಗ್ವಾಡಿಗೆ:
ಕತ್ತಲ.
ಮತ್ತ ಬಿಜಾಗರಿಗೆ. ಮತ್ತ ಗ್ವಾಡಿಗೆ.
ಮೂರ ಸಲ ಮಾಡಿದೆ, ನಂಬಿಕಿ ಬರಲಿಲ್ಲಂತಲ್ಲ,
ಸಿಕ್ಕಿತಲ್ಲ ಅನ್ನೂ ಖುಷಿಗೆ.

"ಏನಾಗೈತಿ?"
"ಹೋಗೂ ದಾರಿ ಐತಿ ಅಕ್ಕಾ, ಬರೂ ದಾರಿ ಇಲ್ಲ.
ಬ್ಯಾಟ್ರಿಯಿಂದ ಒಂದ ವಾಯರ ಹಿಡದ ಬರತೈತಿ ಕರೆಂಟ್.
ತಿರುಗಿ ಹೋಗಾಕ ಗಾಡಿಯ ಮೈ ಎಲ್ಲಾ ಅದರದ ರಸ್ತೆ,
ಬಾಗಲಾ, ಬಿಜಾಗರಿ, ಈ ನಿನ್ನ ಬಾನೆಟ್ಟೂ."
"ಮರಿಗೆ ಹೊಡಿಯೂದಿಲ್ಲಲ್ಲ?"
"ಹನ್ನೆರಡ ವೋಲ್ಟು. ಇರುವಿಗೂ ಕಚಗುಳಿ."
ನಗಲಿಲ್ಲ. ಡಬ್ಬೀನ ಇನ್ನಟ ಎಂಜಿನ್ ಕಡೆ ಸರಿಸಿದಳು.

ಡ್ಯಾಶಿನ ಹಿಂದ ಕೈ ತುರಕಿ, ಕುತಗಿ ತಿರುವಿ,
ಕಣ್ಣ ಮುಚಗೊಂಡು ಹುಡುಕಿದೆ ಕರೀ ವಾಯರ್.
ಅದರ ತುದಿಗೆ ತಾಂಬ್ರದ ಬಳಿ, ಬಳಿಯಾಗ ಸ್ಕ್ರೂ,
ಸ್ಕ್ರೂ ಸುತ್ತ ಬೆಲ್ಲದ ಬಣ್ಣದ ತುಕ್ಕು.
ಮುಟ್ಟಿದರ ಉದುರಿ ನನ್ನ ಕಣ್ಣಾಗ ಬಿತ್ತು.
ಪಾಲಿಶ್ ಕಾಗದ ಹಿಡದು ತಿಕ್ಕಿದೆ
ಕಬ್ಬಿಣ ಬೆಳ್ಳಗ ಆಗೂತನ.
ಹೊಸಾ ಸ್ಕ್ರೂ. ಒಂದೀಟ ಗ್ರೀಸ್.

ಹತ್ತಿತು.
ಡಬ್ಬಿ ಒಳಗ ಇಟ್ಟಳು. ಮರಿ ಎಲ್ಲಾ ಬಲ್ಬಿನ ಬುಡಕ
ಒಂದರ ಮ್ಯಾಲ ಒಂದ ಬಿದ್ದು, ಆಮ್ಯಾಗ ಸುಮ್ಮಾದುವು.
ಮೂಲ್ಯಾಗ ಏಳ ಮರಿ ಏಳಲಿಲ್ಲ.
ಎಣಿಸಿ, ಮರಾಠಿ ಪೇಪರಿನಾಗ ಸುತ್ತಿದಳು.

"ಎಷ್ಟಾತು?"
ನಲವತ್ತಂದೆ. ಕಿಸೆಕ್ಕ ಕೈ ಹಾಕಿದರ ಬರೇ ಬೇಗಡಿ.
ಐವತ್ತರ ನೋಟ ಕೊಟ್ಟು, "ಬರೂ ಮುಂದ ಹತ್ತ ಇಸ್ಕೋತೀನಿ," ಅಂದು
ಉಮದಿ ಕಡೆ ಗಾಡಿ ತಿರುವಿದಳು.
ನಾ ಶಟರಿನ ಉಳದ ಅರ್ಧಾ ಎತ್ತಿದೆ.